ಸಿಆರ್‌ಪಿ ಜಾಸ್ತಿ ಬಂತಾ? ಮೊದಲು ಕಾಲು ತೋರಿಸಿ

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರು ಚಿಕ್ಕಮಗಳೂರಿನ ನನ್ನ ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಹದಿನಾರು ಪುಟದ ಲ್ಯಾಬ್ ರಿಪೋರ್ಟು. ಬೆಂಗಳೂರಿನಲ್ಲಿರುವ ಮಗ ಮಾಡಿಸಿದ ಪ್ಯಾಕೇಜು. ಶುಗರ್ ಬಂದು ಒಂಬತ್ತು ವರ್ಷ, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 7.9, ಅಂದರೆ ಜಾಸ್ತಿಯೇ. ಅದರ ಚಿಂತೆ ಅವರಿಗೆ ಇದ್ದಂತಿರಲಿಲ್ಲ. ಬೆರಳಿಟ್ಟಿದ್ದು ಎಚ್ಎಸ್-ಸಿಆರ್‌ಪಿ 14 ಎಂಬ ದಪ್ಪಕ್ಷರದ ಮೇಲೆ.

"ಡಾಕ್ಟ್ರೇ, ಇದು ಹಾರ್ಟಿಂದು ಅಲ್ವಾ?"

"ಮೊದ್ಲು ಶೂ ಬಿಚ್ಚಿ" ಅಂದೆ.

ಎಡಗಾಲಿನ ಹರಡಿನ ಹತ್ತಿರ ಇಂಬಳ ಕಚ್ಚಿದ ಗಾಯ. ತುರಿಸಿ ತುರಿಸಿ, ಒದ್ದೆ ಗಂಬೂಟಿನೊಳಗೆ ನೆನೆದು ಹುಣ್ಣಾಗಿತ್ತು. ಸುತ್ತ ಕೆಂಪು, ಮುಟ್ಟಿದರೆ ಬಿಸಿ, ಒತ್ತಿದರೆ ಕೀವು. ನೋವಿಲ್ವಾ ಅಂತ ಕೇಳಿದರೆ ಇಲ್ಲ ಅಂದರು. ಶುಗರ್‌ನಿಂದ ಪಾದದ ನರಗಳು ಮಂಕಾಗಿದ್ದವು.

ಸಿಆರ್‌ಪಿ ಅನ್ನೋದು ಲಿವರ್ ತಯಾರಿಸುವ ಒಂದು ಪ್ರೋಟೀನು; ಎಚ್ಎಸ್ ಅಂದರೆ ಅದನ್ನು ಸೂಕ್ಷ್ಮವಾಗಿ ಅಳೆಯುವ ಪರೀಕ್ಷೆ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಕಂಡಿದ್ದು. ಮೈಯಲ್ಲಿ ಎಲ್ಲೇ ಉರಿಯೂತ ಆದರೂ ಕೆಲವೇ ಗಂಟೆಗಳಲ್ಲಿ ಏರುತ್ತದೆ. ತೋಟದ ನಾಯಿ ಇದ್ದ ಹಾಗೆ. ರಾತ್ರಿ ಬೊಗಳುತ್ತದೆ, ಬಂದಿದ್ದು ಕಾಫಿ ಕಳ್ಳನೋ ಕಾಡುಹಂದಿಯೋ ಅಂತ ಟಾರ್ಚ್ ಹಿಡಿದು ನಾವೇ ನೋಡಬೇಕು.

ಹೃದಯದ ಲೆಕ್ಕಕ್ಕೆ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು, 3 ದಾಟಿದರೆ ಅಪಾಯ ಜಾಸ್ತಿ. ಆದರೆ 10 ದಾಟಿತು ಅಂದರೆ ಅದನ್ನು ಹೃದಯಕ್ಕೆ ಜೋಡಿಸಬೇಡಿ. ಸೋಂಕು ಹುಡುಕಿ, ವಾಸಿ ಮಾಡಿ, ಎರಡು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಶುಗರ್ ಇರುವವರಲ್ಲಿ, ಅದರಲ್ಲೂ ಹೊಟ್ಟೆ ಬಂದವರಲ್ಲಿ, ಗಾಯ ಇಲ್ಲದೆಯೂ ಸ್ವಲ್ಪ ಏರಿರುವುದು ಸಾಮಾನ್ಯ. ಹೊಟ್ಟೆಯೊಳಗಿನ ಕೊಬ್ಬು ಸುಮ್ನೆ ಕೂತಿರುವುದಿಲ್ಲ; ಐಎಲ್-6 ಎಂಬ ಸಂದೇಶ ಕಳಿಸಿ ಲಿವರನ್ನು ಕೆಣಕುತ್ತಲೇ ಇರುತ್ತದೆ. ಒಸಡಿನ ಕಾಯಿಲೆಯೂ ಹಾಗೇ. ಅದಕ್ಕೇ ನಾನು ಬಾಯಿ ತೆರೆಸಿಯೂ ನೋಡುತ್ತೇನೆ. ಎಲೆ ಅಡಿಕೆಯವರು ಮುಜುಗರ ಪಡುತ್ತಾರೆ, ಇರಲಿ.

ರಿಪೋರ್ಟಿನ ಕೊನೆಗೆ 'ಆಕ್ಸಿಡೇಟಿವ್ ಸ್ಟ್ರೆಸ್' ಅಂತ ಇನ್ನೊಂದು ಪುಟ. ಹಳೇ ಎಣ್ಣೆ ಕಮಟು ಹಿಡಿಯುತ್ತದಲ್ಲ, ಅದೇ ರಸಾಯನ. ಸಕ್ಕರೆ ಜಾಸ್ತಿಯಾದಾಗ ಜೀವಕೋಶದಲ್ಲಿ ಪುಂಡ ಕಣಗಳು ಹೆಚ್ಚಾಗಿ, ಕೋಶದ ಕೊಬ್ಬನ್ನು ಕೆಡಿಸುತ್ತವೆ. ಆಗ ಹುಟ್ಟುವ ಮಾಲಾನ್‌ಡೈಆಲ್ಡಿಹೈಡನ್ನು ರಕ್ತದಲ್ಲಿ ಅಳೆಯಬಹುದು. ಸಂಶೋಧನೆಗೆ ಸರಿ. ಆದರೆ ಒಂದೊಂದು ವಿಧಾನದಲ್ಲಿ ಒಂದೊಂದು ಅಂಕಿ ಬರುತ್ತದೆ, ರಕ್ತದ ಮಾದರಿ ಸರಿಯಾಗಿ ಇಡದಿದ್ದರೆ ಟ್ಯೂಬಿನಲ್ಲೇ ಏರುತ್ತದೆ. ಅದನ್ನು ನೋಡಿ ನಾನು ಇವತ್ತಿನವರೆಗೆ ಒಂದು ಮಾತ್ರೆಯನ್ನೂ ಬದಲಿಸಿಲ್ಲ. ಇದಕ್ಕೆ ಅಂತ ವಿಟಮಿನ್ ಇ ನುಂಗಿದರೆ ಹಾರ್ಟ್ ಅಟ್ಯಾಕ್ ತಪ್ಪುತ್ತದಾ ಅಂತ ದೊಡ್ಡ ಪ್ರಯೋಗಗಳಲ್ಲೇ ನೋಡಿದ್ದಾರೆ, ತಪ್ಪಲಿಲ್ಲ. ಆ ಪುಟಕ್ಕೆ ಕೊಟ್ಟ ದುಡ್ಡಿಗೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿನ ಪರೀಕ್ಷೆ ಮಾಡಿಸಬಹುದಿತ್ತು. ಕಿಡ್ನಿಯ ಸುಳಿವು ಕೊಡುವ ಆ ಅಗ್ಗದ ಪರೀಕ್ಷೆಯೇ ಹದಿನಾರು ಪುಟದಲ್ಲಿ ಇರಲಿಲ್ಲ!

ಗಾಯ ತೊಳೆದು ಆಂಟಿಬಯೋಟಿಕ್ ಬರೆದೆ. ವಾಸಿಯಾಗುವ ತನಕ ಗಂಬೂಟು ಬೇಡ ಅಂದೆ. ಗಾಯ ಒಣಗಿ ಮೂರು ವಾರದ ಮೇಲೆ ನೋಡಿದರೆ ಸಿಆರ್‌ಪಿ 2.8. ರೈಟರ ಮುಖ ಅರಳಿತು, ಇನ್ನು ಏನೂ ತೊಂದರೆ ಇಲ್ಲ ಅಲ್ವಾ ಅಂದರು. 7.9 ಬರೆದಿದ್ದ ಪುಟವನ್ನು ಅವರ ಕಡೆ ತಿರುಗಿಸಿ, ದಿನಕ್ಕೆ ಎಷ್ಟು ಲೋಟ ಕಾಫಿ, ಲೋಟಕ್ಕೆ ಎಷ್ಟು ಚಮಚ ಸಕ್ಕರೆ ಅಂತ ಕೇಳಿದೆ. ಕಿಟಕಿಯಾಚೆ ಮಳೆ ನೋಡತೊಡಗಿದರು.