ಕಾರಣ ಸಿಗದ ಸ್ಟ್ರೋಕ್: ಯಾರಲ್ಲಿ ಏನನ್ನು ಹುಡುಕಬೇಕು?

ಎಂಆರ್‌ಐ ಆಯ್ತು, ಇಸಿಜಿ, ಎಕೋ, ಕತ್ತಿನ ರಕ್ತನಾಳದ ಡಾಪ್ಲರ್ ಎಲ್ಲಾ ಆಯ್ತು. ಆದರೂ ಡಿಸ್ಚಾರ್ಜ್ ಚೀಟಿಯಲ್ಲಿ 'ಕಾರಣ ತಿಳಿದಿಲ್ಲ' ಎಂದೇ ಬರೆಯಬೇಕಾಗುತ್ತದೆ. ರಕ್ತನಾಳ ಕಟ್ಟಿಕೊಂಡು ಆಗುವ ಸ್ಟ್ರೋಕ್‌ಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದರ ಕಥೆ ಇದು. ಚೀಟಿಯಲ್ಲಿರುವ ಮಾತು ಒಂದೇ ಆದರೂ ರೋಗಿಗೆ 35 ಅಥವಾ 75 ಎಂಬುದರ ಮೇಲೆ ನಮ್ಮ ಅನುಮಾನ ಬದಲಾಗುತ್ತದೆ.

ವಯಸ್ಸಾದವರಲ್ಲಿ ನನ್ನ ಮೊದಲ ಅನುಮಾನ ಏಟ್ರಿಯಲ್ ಫಿಬ್ರಿಲೇಶನ್ ಮೇಲೆ. ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ಬಡಿಯುತ್ತವೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗುತ್ತದೆ. ತೊಂದರೆ ಏನೆಂದರೆ, ಇದು ಬಂದು ಹೋಗುತ್ತಿರುತ್ತದೆ. ಇಸಿಜಿ ತೆಗೆಯುವ ಹೊತ್ತಿಗೆ ಎದೆಬಡಿತ ಸರಿಯಾಗಿಯೇ ಇರಬಹುದು. 2014ರ ಒಂದು ಅಧ್ಯಯನದಲ್ಲಿ 40 ದಾಟಿದ ಇಂಥ ರೋಗಿಗಳ ಚರ್ಮದಡಿ ಪುಟ್ಟ ಮಾನಿಟರ್ ಇಟ್ಟರು. ಆರು ತಿಂಗಳಲ್ಲಿ ಶೇ. 8.9 ಮಂದಿಯಲ್ಲಿ ಇದು ಸಿಕ್ಕಿತು. ಮಾಮೂಲಿ ತಪಾಸಣೆಯಲ್ಲಿ ಸಿಕ್ಕಿದ್ದು ಶೇ. 1.4 ಮಾತ್ರ.

ಚಿಕ್ಕ ವಯಸ್ಸಿನವರಲ್ಲಿ ಇದು ಅಪರೂಪ. ಅವರ ಕತ್ತಿನ ರಕ್ತನಾಳದ ಒಳಪದರ ಸೀಳಿರಬಹುದು. ಸ್ಟ್ರೋಕ್‌ಗೆ ಮೊದಲು ಕತ್ತು ನೋವಿತ್ತಾ ಎಂದು ನಾವು ಪದೇ ಪದೇ ಕೇಳುವುದು ಸುಮ್ನೆ ಅಲ್ಲ. ರಕ್ತ ಬೇಗ ಹೆಪ್ಪುಗಟ್ಟುವ ಕಾಯಿಲೆಯೂ ಇರಬಹುದು. ಅದನ್ನು ಸೂಚಿಸುವ ಆಂಟಿಬಾಡಿ ರಕ್ತದಲ್ಲಿ ಒಮ್ಮೆ ಕಂಡರೆ ಸಾಲದು, 12 ವಾರ ಬಿಟ್ಟು ಮತ್ತೆ ನೋಡಬೇಕು.

ಇನ್ನೊಂದು, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ರಂಧ್ರ. ರಕ್ತದ ಹೆಪ್ಪು ಇದರ ಮೂಲಕ ದಾಟಿ ಮಿದುಳಿಗೆ ಹೋಗಬಹುದು. ತಾಯಿಯ ಹೊಟ್ಟೆಯಲ್ಲಿದ್ದಾಗ ಎಲ್ಲರಿಗೂ ಇರುತ್ತದೆ, ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚುವುದೇ ಇಲ್ಲ. ಹಾಗಾಗಿ 75ರವರಲ್ಲಿ ಅದು ಕಂಡರೆ ಪಾಪ, ಅದರ ಪಾಡಿಗೆ ಅದು ಇದ್ದಿರುವ ಸಾಧ್ಯತೆಯೇ ಜಾಸ್ತಿ. ಬಿಪಿ, ಸಕ್ಕರೆ ಕಾಯಿಲೆ ಇಲ್ಲದ 35ರವರಲ್ಲಿ ಕಂಡರೆ ಮಾತ್ರ ಬಲವಾದ ಅನುಮಾನ ಬರುತ್ತದೆ. ಅದನ್ನು ಮುಚ್ಚಿದರೆ ಮತ್ತೆ ಸ್ಟ್ರೋಕ್ ಆಗುವುದು ಕಡಿಮೆಯಾಗುತ್ತದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಅವುಗಳಲ್ಲಿದ್ದವರು 60ರೊಳಗಿನವರು.

'ಹುಡುಕಾಟ ಯಾಕೆ, ಎಲ್ಲರಿಗೂ ರಕ್ತ ತೆಳುವಾಗಿಸುವ ಬಲವಾದ ಮಾತ್ರೆ ಕೊಟ್ಟುಬಿಡಿ' ಎನ್ನುವವರಿದ್ದಾರೆ. ಅದನ್ನೂ ಮಾಡಿ ನೋಡಿದ್ದಾರೆ. 2018 ಮತ್ತು 2019ರ ಎರಡು ದೊಡ್ಡ ಪ್ರಯೋಗಗಳಲ್ಲಿ ಇಂಥ ಮಾತ್ರೆಗಳಾದ ರಿವರೊಕ್ಸಬಾನ್ ಆಗಲಿ ಡಾಬಿಗಟ್ರಾನ್ ಆಗಲಿ ಸ್ಟ್ರೋಕ್ ತಡೆಯುವುದರಲ್ಲಿ ಆಸ್ಪಿರಿನ್‌ಗಿಂತ ಮೇಲು ಎನಿಸಲಿಲ್ಲ. ರಿವರೊಕ್ಸಬಾನ್‌ನಿಂದ ರಕ್ತಸ್ರಾವ ಹೆಚ್ಚಾಯಿತು.

ನಿಮ್ಮ ಮನೆಯಲ್ಲಿ ಇಂಥ ಚೀಟಿ ಇದ್ದರೆ ಡಾಕ್ಟರನ್ನು ಕೇಳಿ. ಹಿರಿಯರಾದರೆ, ಎದೆಬಡಿತವನ್ನು ಎಷ್ಟು ದಿನ ದಾಖಲಿಸಿದ್ದೀರಿ? ಕಿರಿಯರಾದರೆ, ಕತ್ತಿನ ಆಂಜಿಯೊಗ್ರಾಮ್ ಮತ್ತು ಹೃದಯದ ಆ ರಂಧ್ರ ಹುಡುಕಲು ಗುಳ್ಳೆ ಬೆರೆಸಿದ ಸಲೈನ್ ಕೊಟ್ಟು ಮಾಡುವ ಎಕೋ ಆಗಿದೆಯಾ?