ತೈಲವರ್ಣ ಯಾರದ್ದು? ಕೆ.ಕೆ. ಹೆಬ್ಬಾರರ ಸುತ್ತ ಮುಗಿಯದ ವಾದ

ಚಿತ್ರಕಲಾವಿದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಹೆಸರು ಬಂದಲ್ಲೆಲ್ಲ ಮೂರು ವಾದಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಅವರು ಆಧುನಿಕರೋ ಸಂಪ್ರದಾಯದವರೋ ಎಂಬುದು ಒಂದು. ಮುಂಬೈಯವರೋ ಕರ್ನಾಟಕದವರೋ ಎಂಬುದು ಇನ್ನೊಂದು. ಅವರು ಬಿಟ್ಟುಹೋದ ಚಿತ್ರಗಳನ್ನು ಯಾರು, ಹೇಗೆ ನೋಡಿಕೊಳ್ಳಬೇಕು ಎಂಬುದು ಮೂರನೆಯದು. ಈ ಮೂರೂ ಬೇರೆ ಬೇರೆ ಕಾಲದಲ್ಲಿ ಹುಟ್ಟಿದವು, ಮೊದಲನೆಯದಂತೂ ಹೆಬ್ಬಾರರಿಗಿಂತ ಹಳೆಯದು.

ತೈಲವರ್ಣ ನಮ್ಮಲ್ಲಿ ಹರಡತೊಡಗಿದ್ದು 18ನೇ ಶತಮಾನದಲ್ಲಿ, ಕಂಪನಿ ಆಳ್ವಿಕೆಯ ಬೆನ್ನಿಗೇ ಬಂದ ಯುರೋಪಿನ ಚಿತ್ರಕಾರರ ಜೊತೆ. 1857ರಲ್ಲಿ ಮುಂಬೈಯ ಜೆ.ಜೆ. ಕಲಾಶಾಲೆ ಶುರುವಾಯಿತು. ರಾಜಾ ರವಿವರ್ಮ ಅದೇ ಎಣ್ಣೆಬಣ್ಣದಲ್ಲಿ ನಮ್ಮ ಪುರಾಣಗಳನ್ನು ಬರೆದು ಮನೆಮಾತಾದರು. 20ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಕಲಾಶಾಲೆಯ ಮುಖ್ಯಸ್ಥ ಹ್ಯಾವೆಲ್ ಮತ್ತು ಅವನೀಂದ್ರನಾಥ ಟ್ಯಾಗೋರರ ಬಳಗ ಇದನ್ನು ಪರದೇಶದ ಕೈಚಳಕ ಎಂದು ಬದಿಗಿಟ್ಟು, ತೆಳುವಾದ ನೀರುಬಣ್ಣದಲ್ಲಿ ಭಾರತೀಯತೆಯನ್ನು ಹುಡುಕಿತು. ಅವನೀಂದ್ರರ ಶಿಷ್ಯರಾದ ನಮ್ಮ ಕೆ. ವೆಂಕಟಪ್ಪನವರು ಆ ಶಿಸ್ತನ್ನು ಮೈಸೂರಿಗೆ ತಂದರು. ಎಣ್ಣೆಬಣ್ಣವೆಂದರೆ ಪಶ್ಚಿಮ, ನೀರುಬಣ್ಣವೆಂದರೆ ಸ್ವದೇಶ ಎಂಬ ವಿಂಗಡಣೆ ಹೀಗೆ ಬೇರುಬಿಟ್ಟಿತು. ಬ್ರಿಟಿಷ್ ಜಲವರ್ಣದ ದೊಡ್ಡ ಪರಂಪರೆ ಕಣ್ಣೆದುರೇ ಇದ್ದರೂ ಆ ವಿಂಗಡಣೆಯನ್ನು ಯಾರೂ ಹೆಚ್ಚು ಪ್ರಶ್ನಿಸಲಿಲ್ಲ.

ಹೆಬ್ಬಾರರು ಹುಟ್ಟಿದ್ದು 1911ರ ಜೂನ್ 15ರಂದು, ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ. ಮನೆಯಲ್ಲಿ ತಂದೆ ಚೌತಿಗೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಊರ ಬಯಲಲ್ಲಿ ಯಕ್ಷಗಾನವಿತ್ತು, ಕೋಳಿ ಅಂಕವಿತ್ತು. ಸ್ವಲ್ಪ ಕಾಲ ಮೈಸೂರಿನಲ್ಲಿ ಕಲಿತು ಮುಂಬೈಗೆ ಹೋದರು. 1938ರಲ್ಲಿ ಜೆ.ಜೆ.ಯಿಂದ ಡಿಪ್ಲೊಮಾ ಪಡೆದು, 1940ರಿಂದ 1945ರವರೆಗೆ ಅಲ್ಲೇ ಪಾಠ ಹೇಳಿದರು.

ಇಡೀ ಕಥೆಯಲ್ಲಿ ನಿಂತು ನೋಡಬೇಕಾದ ಘಟ್ಟ ಈ ಕೆಲವು ವರ್ಷಗಳದ್ದು. ಆ ಹೊತ್ತಿಗೆ ಹೆಬ್ಬಾರರ ಕೈ ಪಳಗಿತ್ತು. ನೆರಳು ಬೆಳಕು ಹಾಕಿ ಮುಖ ಮೂಡಿಸುವುದು, ಬಿಸಿಲು ಬಿದ್ದ ಬೀದಿಯನ್ನು ಕ್ಯಾನ್ವಾಸಿಗೆ ಇಳಿಸುವುದು ಎಲ್ಲ ಕರಗತವಾಗಿತ್ತು. ಮಕ್ಕಳಿಗೆ ಕಲಿಸುತ್ತಿದ್ದುದೂ ಅದನ್ನೇ. ಆದರೆ ಇದರಲ್ಲಿ ತನ್ನದು ಏನಿದೆ ಎಂಬ ಪ್ರಶ್ನೆ ಮೇಷ್ಟರನ್ನು ಬಿಡಲಿಲ್ಲ. ಅಮೃತಾ ಶೇರ್‌ಗಿಲ್ ಪ್ಯಾರಿಸ್‌ನಲ್ಲಿ ಕಲಿತು 1934ರಲ್ಲಿ ಮರಳಿ, ಅಜಂತಾ ನೋಡಿ, ದಕ್ಷಿಣ ಭಾರತ ಸುತ್ತಿ, ಅದೇ ತೈಲವರ್ಣದಲ್ಲಿ ನಮ್ಮ ಹಳ್ಳಿಯ ಮೈಬಣ್ಣಗಳನ್ನು ಬರೆದಿದ್ದರು. ಅವರ ಕೆಲಸ ಹೆಬ್ಬಾರರ ಮೇಲೆ ಗಾಢ ಪರಿಣಾಮ ಬೀರಿತು. ಜೈನ ಹಸ್ತಪ್ರತಿಗಳ ಚಿತ್ರ, ಮೊಘಲ್ ಮತ್ತು ರಜಪೂತ ಕಿರುಚಿತ್ರ, ಅಜಂತಾದ ಗೋಡೆ ಇವನ್ನೆಲ್ಲ ಹೆಬ್ಬಾರರು ಮತ್ತೆ ವಿದ್ಯಾರ್ಥಿಯಂತೆ ಕೂತು ನೋಡಿದರು. ಆಮೇಲೆ ಕೇರಳ ಸುತ್ತಿದರು.

ಆ ಸುತ್ತಾಟದಿಂದ ಹುಟ್ಟಿದ ಮಲಬಾರ್ ಚಿತ್ರಗಳಲ್ಲಿ ನಡೆದದ್ದೇನು ಎಂದು ತಿಳಿಯಲು ತೈಲವರ್ಣದ ಗುಣ ಗೊತ್ತಿರಬೇಕು. ಇದು ನಿಧಾನವಾಗಿ ಒಣಗುವ ಬಣ್ಣ. ಹಸಿಯಿರುವಾಗಲೇ ಒಂದರ ಅಂಚನ್ನು ಇನ್ನೊಂದಕ್ಕೆ ಬೆಸೆಯಬಹುದು. ಹಾಗಾಗಿ ಕತ್ತಲಿಂದ ಬೆಳಕಿಗೆ ಮೆಟ್ಟಿಲಿಲ್ಲದೆ ಜಾರಬಹುದು. ದುಂಡನೆಯ ತೋಳು, ಆಳದ ಕೋಣೆ ಮೂಡುವುದು ಇದರಿಂದಲೇ. ಹೆಬ್ಬಾರರು ಈ ಅನುಕೂಲವನ್ನೇ ಕೈಬಿಟ್ಟರು. ಬಣ್ಣವನ್ನು ಹರಡಿ ಚಪ್ಪಟೆ ಮಾಡಿದರು, ನೆರಳನ್ನು ತೆಗೆದರು, ಆಕಾರವನ್ನು ಹಿಡಿದು ನಿಲ್ಲಿಸುವ ಹೊಣೆಯನ್ನು ರೇಖೆಗೆ ಕೊಟ್ಟರು. ಬಿಳಿ ಮುಂಡು, ಕಂದು ಮೈ, ಹಸಿರು ತೆಂಗು ಪಕ್ಕಪಕ್ಕದಲ್ಲಿ ನಿಂತವು. ಬಣ್ಣ ಪರದೇಶದ್ದು, ಕಟ್ಟಿದ ಬಗೆ ಹಸ್ತಪ್ರತಿಯ ಪುಟದ್ದು. ಬಣ್ಣ ಎಲ್ಲಿಂದ ಬಂತು ಎಂಬ ಹಳೆಯ ವಾದಕ್ಕೆ ಇದಕ್ಕಿಂತ ಸಮರ್ಪಕ ಉತ್ತರ ನನಗೆ ಕಾಣುವುದಿಲ್ಲ.

ಇಷ್ಟಾದ ಮೇಲೂ ಅವರು 1949ರಲ್ಲಿ ಪ್ಯಾರಿಸ್‌ಗೆ ಹೋಗಿ ಅಕಾಡೆಮಿ ಜೂಲಿಯನ್ ಎಂಬ ಕಲಾಶಾಲೆಗೆ ಸೇರಿದರು. ಐದು ವರ್ಷ ಪಾಠ ಹೇಳಿದ್ದವರು ನಲವತ್ತರ ಹತ್ತಿರದಲ್ಲಿ ಮತ್ತೆ ಬೆಂಚಿನ ಮೇಲೆ ಕೂತರು. ಚಿತ್ರದಲ್ಲಿ ಲಯ ಹೇಗೆ ಬರುತ್ತದೆ ಎಂದು ತಿಳಿಯಲು ಪಂಡಿತ ಸುಂದರ ಪ್ರಸಾದರ ಬಳಿ ಕಥಕ್ ಕೂಡ ಅಭ್ಯಾಸ ಮಾಡಿದರು. ಅವರ ನರ್ತಕರ, ವಾದ್ಯಗಾರರ ರೇಖಾಚಿತ್ರಗಳಲ್ಲಿ ಗೆರೆಯೊಂದು ಎತ್ತದೆಯೇ ಸುಳಿದು ತಿರುಗಿ ನಿಲ್ಲುವುದನ್ನು ನೋಡಿದರೆ ಆ ಅಭ್ಯಾಸದ ಫಲ ಗೊತ್ತಾಗುತ್ತದೆ.

ಇತ್ತ ಮುಂಬೈಯಲ್ಲಿ 1947ರಲ್ಲಿ ಸೂಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಸೇರಿ ಪ್ರಗತಿಶೀಲ ಕಲಾವಿದರ ಗುಂಪು ಕಟ್ಟಿದ್ದರು. ಹೆಬ್ಬಾರರು ಅದರಲ್ಲಿರಲಿಲ್ಲ. ಭಾರತೀಯ ಆಧುನಿಕ ಕಲೆಯ ಚರಿತ್ರೆಯನ್ನು ಗುಂಪುಗಳ ಮೂಲಕ ಹೇಳುವ ರೂಢಿ ಬಂದಮೇಲೆ, ಗುಂಪಿಲ್ಲದವರಿಗೆ ಅಧ್ಯಾಯವೂ ಇಲ್ಲವಾಯಿತು. ಅವರ ಚಿತ್ರ ಕಡಿಮೆ ಆಧುನಿಕವಾಗಿತ್ತು ಎಂಬ ಅಭಿಪ್ರಾಯ ನೋಡಿ ಹುಟ್ಟಿದ್ದಕ್ಕಿಂತ ಈ ರೂಢಿಯಿಂದ ಹುಟ್ಟಿದ್ದೇ ಹೆಚ್ಚು. ಮುಂದಿನ ದಶಕಗಳಲ್ಲಿ ಬಾಲಿ ಸೇರಿದಂತೆ ಹಲವೆಡೆ ಸುತ್ತಾಟ, ಚಾಕುವಿನಿಂದ ದಪ್ಪಗೆ ಮೆತ್ತಿದ ಬಣ್ಣದ ಹೊಸ ಹಂತ, 1961ರಲ್ಲಿ ಪದ್ಮಶ್ರೀ, 1980ರಿಂದ ಕೇಂದ್ರ ಲಲಿತಕಲಾ ಅಕಾಡೆಮಿಯ ಅಧ್ಯಕ್ಷತೆ, 1989ರಲ್ಲಿ ಪದ್ಮಭೂಷಣ, 1996ರ ಮಾರ್ಚ್ 26ರಂದು ಮುಂಬೈಯಲ್ಲಿ ಸಾವು.

ಎರಡನೆಯ ವಾದ ಸಣ್ಣದು. ಹೆಬ್ಬಾರರು ಊರು ಬಿಟ್ಟಾಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಉಡುಪಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರು ಬೇರೆ ಸಂಸ್ಥಾನ. ಕೆಲಸಕ್ಕೂ ಓದಿಗೂ ಕರಾವಳಿಯವರು ಮುಂಬೈ ಹಡಗು ಹತ್ತುತ್ತಿದ್ದ ಕಾಲ ಅದು. ಅವರನ್ನು ಒಂದು ಊರಿಗೆ ಕಟ್ಟಿಹಾಕುವುದು ಇಂದಿನ ನಕ್ಷೆಯನ್ನು ಅಂದಿನ ಬದುಕಿನ ಮೇಲೆ ಹಾಸಿದಂತೆ.

ಮೂರನೆಯದು ಇನ್ನೂ ಹಸಿಯಾಗಿದೆ. ಹೆಬ್ಬಾರರು ತಮ್ಮ ಕೃತಿಗಳ ಒಂದು ಸಂಗ್ರಹವನ್ನು ರಾಜ್ಯಕ್ಕೆ ಕೊಟ್ಟರು. ಅದಕ್ಕೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ಜಾಗ ಸಿಕ್ಕಿತು. ಮಣಿಪಾಲದಲ್ಲಿ ಅವರ ಹೆಸರಿನದೇ ಗ್ಯಾಲರಿಯಿದೆ. 2015ರಲ್ಲಿ ಸರ್ಕಾರ ವೆಂಕಟಪ್ಪ ಗ್ಯಾಲರಿಯ ಅಭಿವೃದ್ಧಿಗೆ ಖಾಸಗಿ ಪ್ರತಿಷ್ಠಾನವೊಂದರ ಜೊತೆ ಒಪ್ಪಂದ ಮಾಡಿಕೊಂಡಿತು. 2016ರಲ್ಲಿ ಕಲಾವಿದರು ಬೀದಿಗಿಳಿದರು. ಸಾರ್ವಜನಿಕ ಜಾಗ ಕೈತಪ್ಪುತ್ತದೆ ಎಂಬ ಅವರ ಆತಂಕ ನ್ಯಾಯವಾದದ್ದೇ. ಹಣವಿಲ್ಲದೆ ಕಟ್ಟಡ ಸುಧಾರಿಸದು ಎಂಬ ಇನ್ನೊಂದು ಕಡೆಯ ಮಾತೂ ಸುಳ್ಳಲ್ಲ. ಆದರೆ ಗೋಡೆ ಯಾರ ವಶದಲ್ಲಿರಬೇಕು ಎಂದು ನಡೆದಷ್ಟು ಚರ್ಚೆ, ಗೋಡೆಯ ಮೇಲಿರುವ ಕ್ಯಾನ್ವಾಸಿನ ಆರೋಗ್ಯದ ಬಗ್ಗೆ ನಡೆಯಲಿಲ್ಲ.

ಆ ಚರ್ಚೆ ಏಕೆ ಬೇಕೆಂದರೆ, ತೈಲವರ್ಣ ನೀರಿನಂತೆ ಆರಿ ಒಣಗುವುದಲ್ಲ. ಅಗಸೆಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುತ್ತದೆ, ದಪ್ಪ ಪದರದ ಒಳಗೆ ಈ ಕ್ರಿಯೆ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತದೆ. ಬಣ್ಣದ ಹಿಂದಿರುವ ಕ್ಯಾನ್ವಾಸ್ ಬಟ್ಟೆ ತೇವದ ಏರಿಳಿತಕ್ಕೆ ಹಿಗ್ಗಿ ಕುಗ್ಗುತ್ತದೆ, ಗಟ್ಟಿಯಾದ ಬಣ್ಣ ಅದರ ಜೊತೆ ಬಾಗದು. ಹಾಗಾಗಿ ಬಿರುಕು ಬಿಡುತ್ತದೆ, ಚಕ್ಕೆ ಏಳುತ್ತದೆ. ಹೆಬ್ಬಾರರ ಕೊನೆಯ ದಶಕಗಳ, ಚಾಕುವಿನಿಂದ ಮೆತ್ತಿದ ಚಿತ್ರಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಮುಂದಿನ ಒಪ್ಪಂದಕ್ಕೆ ಯಾರೇ ಸಹಿ ಹಾಕಲಿ, ಅದಕ್ಕೂ ಮೊದಲು ಪ್ರತಿ ಕ್ಯಾನ್ವಾಸಿನ ಮುಂಬದಿ ಹಿಂಬದಿಯ ಫೋಟೊ, ಈಗಿನ ಸ್ಥಿತಿಯ ದಾಖಲೆ ಸಾರ್ವಜನಿಕರ ಕೈಗೆ ಬರಲಿ. ಕೋಣೆಯ ತೇವಾಂಶ ಅಳೆದು ಬರೆದಿಡುವ ಕೆಲಸಕ್ಕಂತೂ ಯಾವ ಒಪ್ಪಂದದ ಅಗತ್ಯವೂ ಇಲ್ಲ, ಅದನ್ನು ಇವತ್ತೇ ಶುರುಮಾಡಬಹುದು.