ಮುದ್ದೆ ನುಂಗೋಕೆ ಹಲ್ಲು ಯಾಕೆ?

ವಯಸ್ಸಾದವರ ಹಲ್ಲು ಬಿದ್ದರೆ ನಮ್ಮ ಕೋಲಾರದ ಕಡೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಮುದ್ದೆ ನುಂಗೋದು ತಾನೆ, ಅದಕ್ಕೆ ಹಲ್ಲು ಯಾಕೆ ಅನ್ನುತ್ತಾರೆ. ಮುಳಬಾಗಿಲಿನ ಹತ್ತಿರ ಟೊಮೆಟೊ ಬೆಳೆಯುತ್ತಿದ್ದ ನಮ್ಮ ದೊಡ್ಡಪ್ಪನೂ ಹಾಗೇ ಅನ್ನುತ್ತಿದ್ದರು. ಪಾರ್ಕಿನ್ಸನ್ ಕಾಯಿಲೆ ಬಂದು ಎರಡು ವರ್ಷವಾದ ಮೇಲೆ, ಮಕ್ಕಳ ಒತ್ತಾಯಕ್ಕೆ ಹಲ್ಲು ಕಟ್ಟಿಸಿಕೊಂಡರು. ವಾರ ಕಳೆಯುವುದರೊಳಗೆ ಕೆಳಗಿನ ಸೆಟ್ಟು ಊಟದ ನಡುವೆ ಜಾರಿ ಸಾರಿನ ತಟ್ಟೆಗೆ ಬಿತ್ತು. ದೊಡ್ಡಮ್ಮ ನೋಡದವರ ಹಾಗೆ ನೀರು ತರಲು ಎದ್ದುಹೋದರು. ದೊಡ್ಡಪ್ಪ ಅದನ್ನು ತೊಳೆದು ಡಬ್ಬಿಗೆ ಹಾಕಿದವರು ತಿಂಗಳುಗಟ್ಟಲೆ ಮುಟ್ಟಲಿಲ್ಲ.

ಹಲ್ಲು ಮಾಡಿದವರದೇ ತಪ್ಪು ಅಂದುಕೊಂಡೆವು. ತಪ್ಪು ಅಲ್ಲಿರಲಿಲ್ಲ.

ಮೇಲಿನ ಸೆಟ್ಟು ಅಂಗುಳನ್ನೆಲ್ಲ ಆವರಿಸಿ ಕೂರುತ್ತದೆ. ನಡುವಿನ ಉಗುಳಿನ ತೆಳು ಪದರವೇ ಅದನ್ನು ಹಿಡಿದಿಡುತ್ತದೆ, ಒದ್ದೆ ಗಾಜಿನ ತುಂಡುಗಳೆರಡು ಒಂದಕ್ಕೊಂದು ಅಂಟಿಕೊಂಡ ಹಾಗೆ. ಕೆಳಗಿನದಕ್ಕೆ ಆ ಭಾಗ್ಯವಿಲ್ಲ. ಅದು ಕುದುರೆ ಲಾಳದ ಆಕಾರದ್ದು, ಕೂರಲು ಜಾಗ ಕಡಿಮೆ, ನಡುವೆ ನಾಲಿಗೆ ಬೇರೆ. ಒಳಗಿನಿಂದ ನಾಲಿಗೆ, ಹೊರಗಿನಿಂದ ಕೆನ್ನೆ ಮತ್ತು ತುಟಿ ನಮಗೆ ಗೊತ್ತೇ ಆಗದಂತೆ ಒತ್ತಿ ಹಿಡಿಯುವುದರಿಂದ ಅದು ನಿಲ್ಲುತ್ತದೆ. ಪಾರ್ಕಿನ್ಸನ್ ಕೈಹಾಕುವುದು ಇಲ್ಲಿಗೇ. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಈ ಕಾಯಿಲೆಯಲ್ಲಿ ಮೈಯ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ನಡುಮಿದುಳಿನ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಕೈ ನಡುಗುವುದು, ನಡಿಗೆ ನಿಧಾನವಾಗುವುದು ಎಲ್ಲರಿಗೂ ಕಾಣುತ್ತದೆ. ಅದೇ ಬಿಗಿತ, ಅದೇ ನಿಧಾನ ನಾಲಿಗೆಗೂ ಗಂಟಲಿಗೂ ಬಂದಿರುವುದು ಕಾಣುವುದಿಲ್ಲ.

ಬಾಯಿಂದ ಜೊಲ್ಲು ಸುರಿಯುವುದನ್ನು ನೋಡಿ ಉಗುಳು ಹೆಚ್ಚಾಗಿದೆ ಅಂದುಕೊಳ್ಳುತ್ತೇವೆ. ನಿಜವಾಗಿ ಕಡಿಮೆಯಾಗಿರುವುದು ನುಂಗುವಿಕೆ. ಎಚ್ಚರವಿರುವಾಗ ನಿಮಿಷಕ್ಕೊಮ್ಮೆ ಎಂಬಂತೆ ನಾವು ಉಗುಳು ನುಂಗುತ್ತಲೇ ಇರುತ್ತೇವೆ; ಈ ಕಾಯಿಲೆಯವರಿಗೆ ಅದು ತಪ್ಪುತ್ತದೆ. ಊರುವ ಉಗುಳು ಎಷ್ಟೋ ಸಲ ಮೊದಲಿಗಿಂತ ಕಡಿಮೆಯೇ ಇರುತ್ತದೆ, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥ ಮಾತ್ರೆ ಬಾಯನ್ನು ಇನ್ನಷ್ಟು ಒಣಗಿಸುತ್ತದೆ. ತುಟಿ ಒದ್ದೆ, ಒಳಗೆ ಬರ. ಒಣ ವಸಡಿಗೆ ಸೆಟ್ಟು ಉಜ್ಜಿ ಹುಣ್ಣಾಗುತ್ತದೆ, ಉಳಿದ ನಾಲ್ಕಾರು ಹಲ್ಲು ಬುಡದಲ್ಲಿ ಹುಳುಕಾಗುತ್ತವೆ.

ನಮ್ಮ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಫ್ಲೋರೈಡ್ ಇರುವ ಪೇಸ್ಟು ಬೇಡ ಎನ್ನುವವರೂ ಇದ್ದಾರೆ. ಫ್ಲೋರೈಡ್ ಹೆಚ್ಚಾಗಿ ಹಲ್ಲಿಗೆ ಕಂದು ಕಲೆ ಬೀಳುವುದು ಚಿಕ್ಕಂದಿನಲ್ಲಿ, ಹಲ್ಲು ರೂಪುಗೊಳ್ಳುವ ಹೊತ್ತಿನಲ್ಲಿ. ಮುದುಕರ ಹಲ್ಲಿನ ಬುಡಕ್ಕೆ ಫ್ಲೋರೈಡ್ ಪೇಸ್ಟು ರಕ್ಷಣೆಯೇ. ಉಗುಳಲು ಆಗದವರಿಗೆ ಬ್ರಷ್ಷಿಗೆ ಸವರಿದಷ್ಟು ಸಾಕು.

ಇನ್ನು ಮುದ್ದೆ. ಅಗಿಯದೆ ನುಂಗುವುದು ಸುಲಭ ಎಂಬುದು ಗಟ್ಟಿ ಗಂಟಲಿನವರ ಮಾತು. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳಬೇಕು, ಅದೇ ಕ್ಷಣಕ್ಕೆ ಶ್ವಾಸನಾಳದ ಬಾಯಿ ಮುಚ್ಚಬೇಕು. ಈ ಲೆಕ್ಕ ತಪ್ಪಿದವರಿಗೆ ಅಂಟು ಮುದ್ದೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಹಾಗಂತ ಅಂಬಲಿ ಮಾಡಿಕೊಟ್ಟರೆ ಮುಗಿಯಿತು ಅಂತಲೂ ಅಲ್ಲ, ತೆಳುವಾದದ್ದು ಇನ್ನೂ ಬೇಗ ಶ್ವಾಸನಾಳಕ್ಕೆ ಜಾರುತ್ತದೆ. ಊಟದ ನಡುವೆ ಕೆಮ್ಮು, ಉಂಡ ಮೇಲೆ ದನಿ ಗೊರಗೊರ ಅನ್ನುವುದು ಶುರುವಾದರೆ ನುಂಗುವ ಪರೀಕ್ಷೆ ಮಾಡಿಸಲೇಬೇಕು. ತುತ್ತಿನ ಜೊತೆ ಬಾಯಿಯ ಬ್ಯಾಕ್ಟೀರಿಯಾ ಕೂಡ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಈ ರೋಗಿಗಳ ಜೀವಕ್ಕೆ ಹೆಚ್ಚಾಗಿ ಎರವಾಗುವುದೇ ಅದು. ಜಪಾನಿನಲ್ಲಿ 85 ದಾಟಿದವರನ್ನು ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲ್ಲುಸೆಟ್ಟು ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾದ ಅಪಾಯ ಎರಡು ಪಟ್ಟು ಇತ್ತು. ರಾತ್ರಿ ತೆಗೆದು, ಉಜ್ಜಿ, ತಣ್ಣೀರಿನಲ್ಲಿಡಿ. ಬಿಸಿನೀರು ಬೇಡವೇ ಬೇಡ, ಸೆಟ್ಟಿನ ಅಕ್ರಿಲಿಕ್ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ.

ನನ್ನ ಮನಸ್ಸಿಗೆ ಅತಿ ಮುಖ್ಯವಾಗಿ ಕಾಣುವುದು ಹೊತ್ತು. ಹಲ್ಲು ಕಟ್ಟಿಸುವುದಿದ್ದರೆ ಕಾಯಿಲೆ ಗೊತ್ತಾದ ಹೊಸತರಲ್ಲೇ ಕಟ್ಟಿಸಬೇಕು, ನಾಲಿಗೆಗೆ ಹೊಸದನ್ನು ಕಲಿಯುವ ಶಕ್ತಿ ಇರುವಾಗಲೇ. ನಾವು ಎರಡು ವರ್ಷ ಕಳೆದುಕೊಂಡೆವು. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡಲು ರಾಜ್ಯ ಸರ್ಕಾರ ತಂದದ್ದು ದಂತಭಾಗ್ಯ ಯೋಜನೆ; ಕೆಜಿಎಫ್‌ನಲ್ಲಿ ದಂತ ಕಾಲೇಜೂ ಇದೆ. ಅನುಕೂಲವಿದ್ದವರು ಕೆಳದವಡೆಗೆ ಎರಡು ಇಂಪ್ಲಾಂಟ್, ಅಂದರೆ ಮೂಳೆಗೆ ಕೂರಿಸುವ ಪುಟ್ಟ ತಿರುಪು, ಹಾಕಿಸಿ ಸೆಟ್ಟನ್ನು ಅದಕ್ಕೆ ಸಿಕ್ಕಿಸಿಕೊಳ್ಳಬಹುದು. ಪಾರ್ಕಿನ್ಸನ್‌ಗೆ ಕೊಡುವ ಲೀವೋಡೋಪಾ ಮಾತ್ರೆ ನುಂಗಿ ಒಂದು ಗಂಟೆಯ ಮೇಲೆ, ಮೈ ಸಡಿಲವಾಗಿರುವಾಗ, ದಂತವೈದ್ಯರ ಬಳಿ ಹೋಗುವುದು ಒಳ್ಳೆಯದು. ಮಾತ್ರೆಗಳ ಚೀಟಿ ಜೊತೆಗಿರಲಿ. ಮರಗಟ್ಟಿಸುವ ಇಂಜೆಕ್ಷನ್ನಿನಲ್ಲಿರುವ ಅಡ್ರಿನಲಿನ್ ಜೊತೆ ಕೆಲವು ಮಾತ್ರೆಗಳಿಗೆ ಎಚ್ಚರಿಕೆ ಬೇಕು. ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿದರೆ ಉಸಿರುಗಟ್ಟಿದಂತಾಗುತ್ತದೆ, ದಡಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ.

ದೊಡ್ಡಪ್ಪನ ಬ್ರಷ್ಷಿಗೆ ಈಗ ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿ ಹಾಕಿದ್ದೇವೆ, ದಪ್ಪಗಿದ್ದರೆ ನಡುಗುವ ಕೈಗೆ ಹಿಡಿತ ಸಿಗುತ್ತದೆ. ಸೆಟ್ಟು ತೊಳೆಯುವಾಗ ಕೈಜಾರಿ ಒಡೆಯದಿರಲೆಂದು ಬೇಸಿನ್ನಿನ ತಳಕ್ಕೆ ಟವೆಲ್ ಹಾಸುತ್ತಾರೆ ದೊಡ್ಡಮ್ಮ. ಏಳಕ್ಕೆ ಮಾತ್ರೆ, ಎಂಟಕ್ಕೆ ಹಲ್ಲು ಹಾಕಿಕೊಂಡು ತಿಂಡಿ.